ಅಪ್‌ಡೇಟ್: ಕಿಡ್ನಿ ಕಸಿಯಾದ ಮೇಲೆ ಅಪ್ಪನಿಗೆ ಬಂದ ಶುಗರ್

ಕಸಿಯಾದ 3 ತಿಂಗಳಿಗೆ ಅಪ್ಪನಿಗೆ ಸುಸ್ತು, ಬಾಯಾರಿಕೆ ಜಾಸ್ತಿ, ಆದರೆ ಬೆಳಗಿನ ಶುಗರ್ ನಾರ್ಮಲ್, ಯಾಕೆ ಅಂತ ಹೋದ ವಾರ ಕೇಳಿದ್ದೆನಲ್ಲ. ಮಧ್ಯಾಹ್ನ ಊಟವಾಗಿ 2 ಗಂಟೆ ಬಿಟ್ಟು ನೋಡಿ ಎಂದವರಿಗೆ ಕೈ ಮುಗಿಯುತ್ತೇನೆ. 268 ಇತ್ತು! ಬೆಳಿಗ್ಗೆ ನುಂಗುವ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಧ್ಯಾಹ್ನ, ಸಂಜೆಯ ಶುಗರನ್ನೇ ಹೆಚ್ಚು ಏರಿಸುತ್ತದಂತೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ಕೊಡುವ ಟ್ಯಾಕ್ರೋಲಿಮಸ್ ಮಾತ್ರೆಯಿಂದ ಇನ್ಸುಲಿನ್ ಬರುವುದೂ ತಗ್ಗುತ್ತದೆ. ಡಾಕ್ಟರು ಬೆಳಿಗ್ಗೆ ಇನ್ಸುಲಿನ್ ಶುರು ಮಾಡಿದ್ದಾರೆ, ನಿನ್ನೆ 170.

ಮೆಂತ್ಯದ ನೀರಿನಿಂದ ಏನೂ ಆಗಲಿಲ್ಲ. ಸ್ಟಿರಾಯ್ಡ್ ನೀವೇ ಕಡಿಮೆ ಮಾಡಿ ಎಂದಿದ್ದರು ಒಬ್ಬರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ದೇಹ ಹೊಸ ಕಿಡ್ನಿಯನ್ನೇ ತಿರಸ್ಕರಿಸಬಹುದು.

ಇನ್ನೊಂದು ವಿಷಯ ಗೊತ್ತೇ ಇರಲಿಲ್ಲ. ಚಕ್ಕೋತ ತಿಂದರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರಬಹುದಂತೆ. ನಮ್ಮ ಹಿತ್ತಲಲ್ಲೇ ಮರವಿದೆ! ಅಮ್ಮ ಹಣ್ಣೆಲ್ಲ ಪಕ್ಕದ ಮನೆಗೆ ಕೊಟ್ಟರು.