ಸಹಾಯ ಬೇಕು: ವಿಮಾನದಲ್ಲಿ ಜಗಳ ಮಾಡಿದ ಭಾವನಿಗೆ 30 ದಿನ ನಿಷೇಧ

ನನ್ನ ಭಾವ ಕಳೆದ ವಾರ ದುಬೈಯಿಂದ ಬಜ್ಪೆಗೆ (ಮಂಗಳೂರು ಏರ್‌ಪೋರ್ಟ್) ಬರುವಾಗ ಸೀಟಿನ ವಿಷಯಕ್ಕೆ ಗಗನಸಖಿಯರ ಹತ್ತಿರ ಜಗಳ ಮಾಡಿಕೊಂಡಿದ್ದಾರೆ. ಕೈ ಮಾಡಿಲ್ಲ, ಬಾಯಿ ಮಾತ್ರ ಜೋರು (ಮನೆಯಲ್ಲೂ ಹಾಗೆಯೇ ಮಾರಾಯ್ರೆ). ತಪ್ಪು ಅವರದ್ದೇ, ಅದರಲ್ಲಿ ಎರಡು ಮಾತಿಲ್ಲ. ಈಗ ವಿಮಾನ ಕಂಪನಿಯಿಂದ ಮೇಲ್ ಬಂದಿದೆ, ವಿಚಾರಣೆ ಮುಗಿಯುವವರೆಗೆ 30 ದಿನ ಹತ್ತಿಸುವುದಿಲ್ಲವಂತೆ.

ಡಿಜಿಸಿಎಯ (ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) 2017ರ ನಿಯಮ ಕೂತು ಓದಿದೆ. ಬಾಯಿ ಜಗಳ ಒಂದನೇ ಹಂತ, 3 ತಿಂಗಳವರೆಗೆ ನಿಷೇಧ. ಮೈಮೇಲೆ ಕೈ ಹಾಕಿದರೆ 6 ತಿಂಗಳವರೆಗೆ. ನಿವೃತ್ತ ಜಿಲ್ಲಾ ನ್ಯಾಯಾಧೀಶರ ಸಮಿತಿ 30 ದಿನದೊಳಗೆ ತೀರ್ಮಾನ ಮಾಡಬೇಕು, ಆಮೇಲೆ ಮೇಲ್ಮನವಿಗೆ 60 ದಿನ ಇದೆ. ಕ್ಷಮೆ ಕೇಳಿ ಮೇಲ್ ಹಾಕಿದೆವು, ಉತ್ತರವಿಲ್ಲ. ಕಾಲ್ ಸೆಂಟರ್‌ನವರು ನಾಲ್ಕು ಸಲವೂ "ಸಮಿತಿ ನೋಡುತ್ತದೆ" ಅಂತ ಮಾತ್ರ ಹೇಳಿದರು.

ಭಾವನ ರಜೆ ಉಳಿದಿರುವುದು 12 ದಿನ, ಅಷ್ಟರಲ್ಲಿ ವಾಪಸ್ ಹೋಗಬೇಕು. ಬೇರೆ ಕಂಪನಿಗಳು ಈ ನಿಷೇಧ ಪಾಲಿಸಲೇಬೇಕು ಅಂತೇನಿಲ್ಲ ಎಂದು ಅದೇ ನಿಯಮದಲ್ಲಿದೆ, ಆದರೆ ಟ್ರಾವೆಲ್ ಏಜೆಂಟ್ ಟಿಕೆಟ್ ಮಾಡಿದರೂ ಏರ್‌ಪೋರ್ಟಿನಲ್ಲಿ ತಡೆಯುತ್ತಾರೆ ಅಂತ ಸುಮ್ನೆ ಹೆದರಿಸುತ್ತಿದ್ದಾರೆ.

ವಿಚಾರಣೆ ನಡೆಯುವಾಗಲೇ ಮಂಗಳೂರಿಂದ ಬೇರೆ ಕಂಪನಿಯ ವಿಮಾನದಲ್ಲಿ ಹೋದವರು ಯಾರಾದರೂ ಇದ್ದೀರಾ? ಬುಕ್ ಮಾಡುವ ಮೊದಲು ಆ ಕಂಪನಿಯಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಬೇಕಾ?