ಪಾದ ಅಗಲ, ಶೂ ಕಿರಿದು: ಜರ್ಮನಿಯಲ್ಲಿ ಓಟದ ಶೂ ಹೇಗೆ ಹುಡುಕಲಿ?

ಭದ್ರಾ ನಾಲೆ:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವಳು. ಎರಡು ವರ್ಷದಿಂದ ಜರ್ಮನಿಯ ಎರ್ಲಾಂಗನ್‌ನಲ್ಲಿದ್ದೇನೆ. ಹೋದ ಏಪ್ರಿಲ್‌ನಲ್ಲಿ ಓಡಲು ಶುರು ಮಾಡಿದೆ. ಮೈನ್-ಡ್ಯಾನ್ಯೂಬ್ ಕಾಲುವೆಯ ದಂಡೆ ಮನೆಗೆ ಹತ್ತಿರ. ನೀರಿನ ಪಕ್ಕ ಓಡುವಾಗ ಊರಿನ ನಾಲೆ ಏರಿ ನೆನಪಾಗುತ್ತದೆ. ಬೆಳಗಿನ ಆ ಅರ್ಧ ಗಂಟೆ ಬಿಟ್ಟುಕೊಡಲು ಮನಸ್ಸಿಲ್ಲ.

ತೊಂದರೆ ಶೂನದು. ನನ್ನ ಪಾದ ಉದ್ದ ಕಮ್ಮಿ, ಅಗಲ ಜಾಸ್ತಿ. ಹೈಸ್ಕೂಲ್ ಮುಗಿಯುವವರೆಗೂ ಹವಾಯಿ ಚಪ್ಪಲಿ, ಗದ್ದೆಗೆ ಇಳಿದರೆ ಬರಿಗಾಲು. ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡಿವೆ. ಊರಲ್ಲಿ 6ನೇ ನಂಬರ್ ಹಾಕುತ್ತಿದ್ದೆ. ಇಲ್ಲಿ ಅಂಗಡಿಯಲ್ಲಿ 39 ಕೊಟ್ಟರು. ನಿಂತಾಗ ಸರಿ ಇತ್ತು. ಮೂರು ಕಿಲೋಮೀಟರ್ ಓಡಿದ ಮೇಲೆ ಕಿರುಬೆರಳು ಉರಿ, ಆಮೇಲೆ ಜೋಮು. ದೊಡ್ಡದು ಬೇಕು ಎಂದು ಕೇಳಿ ಬೇರೆ ಅಂಗಡಿಯಲ್ಲಿ 41 ತಗೊಂಡೆ. ಈಗ ಹಿಮ್ಮಡಿ ಜಾರುತ್ತದೆ, ಬೆರಳು ಮುಂದಕ್ಕೆ ಹೋಗಿ ಗುದ್ದುತ್ತದೆ, ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿದೆ. ರಿಯಾಯಿತಿ ಮಾಲು ಎಂದು ವಾಪಸ್ ತೆಗೆದುಕೊಳ್ಳಲಿಲ್ಲ. ಎರಡು ಜೋಡಿಗೆ 210 ಯೂರೋ ಹೋಯಿತು.

ಇಲ್ಲಿಂದ ಬಸ್ ಹತ್ತಿದರೆ ಹೆರ್ಟ್ಸೋಗೆನಾವ್ರಾಖ್. ಅಡಿಡಾಸ್, ಪೂಮಾ ಎರಡೂ ಹುಟ್ಟಿದ ಊರು. ಅಣ್ಣ ತಮ್ಮ ಬೇರೆಯಾಗಿ 1948, 49ರಲ್ಲಿ ಕಟ್ಟಿದ ಕಂಪನಿಗಳು. ಅಷ್ಟು ಹತ್ತಿರ ಇದ್ದುಕೊಂಡು ನನ್ನ ಕಾಲಿಗೆ ಒಂದು ಜೋಡಿ ಸಿಗುತ್ತಿಲ್ಲ ಎಂದರೆ ನಿಜಕ್ಕೂ ಬೇಜಾರಾಗುತ್ತದೆ. ಮೂರನೇ ಸಲ ದುಡ್ಡು ಹಾಕುವ ಮೊದಲು ಕೇಳೋಣ ಅನ್ನಿಸಿತು. ಅಗಲ ಪಾದದವರು ಯಾರಾದರೂ ಇದ್ದೀರಾ? ನೀವು ಹೇಗೆ ಆರಿಸುತ್ತೀರಿ?

ಮ್ಯೂನಿಕ್‌ನ ಮೈಸೂರಮ್ಮ:
ನನ್ನದೂ ಇದೇ ಪಾದ ಕಣಮ್ಮ. ಒಂಬತ್ತು ವರ್ಷದಿಂದ ಓಡುತ್ತಿದ್ದೇನೆ. ಮೊದಲ ಎರಡು ವರ್ಷ ನೀನು ಮಾಡಿದ್ದೇ ಮಾಡಿದೆ. ಅಗಲ ಸಾಲದು ಎಂದು ಉದ್ದ ಹೆಚ್ಚಿಸುತ್ತಾ ಹೋದೆ. ಒಂದು ನಂಬರ್ ಮೇಲಕ್ಕೆ ಹೋದರೆ ಉದ್ದ ಸುಮಾರು 7 ಮಿಲಿಮೀಟರ್ ಬೆಳೆಯುತ್ತದೆ, ಅಗಲ ಬೆಳೆಯುವುದು ಅದಕ್ಕಿಂತ ಬಹಳ ಕಮ್ಮಿ. ಹಿಮ್ಮಡಿ ಜಾರುವುದು ಅದಕ್ಕೇ.

ಅಂಗಡಿಯಲ್ಲಿ ಯಾವ ಮಾತು ಹೇಳಿದೆ ನೋಡು. 'ಗ್ರೋಸ್' ಎಂದರೆ ದೊಡ್ಡದು, ಉದ್ದದ್ದು ತಂದುಕೊಡುತ್ತಾರೆ. ನಿನಗೆ ಬೇಕಾದದ್ದು 'ಬ್ರೈಟ್', ಅಂದರೆ ಅಗಲ. ಅಗಲಕ್ಕೆ ಅಕ್ಷರದ ಗುರುತು ಇರುತ್ತದೆ. ಹೆಂಗಸರ ಶೂನಲ್ಲಿ ಮಾಮೂಲಿ ಅಗಲ ಬಿ, ಅಗಲದ್ದು ಡಿ. ಗಂಡಸರ ಶೂನಲ್ಲಿ ಡಿ ಎನ್ನುವುದೇ ಮಾಮೂಲಿ, ಅಗಲದ್ದು 2ಇ, ಇನ್ನೂ ಅಗಲದ್ದು 4ಇ. ನ್ಯೂ ಬ್ಯಾಲೆನ್ಸ್, ಬ್ರೂಕ್ಸ್, ಆಸಿಕ್ಸ್‌ನಲ್ಲಿ ಕೆಲವು ಮಾಡೆಲ್‌ಗಳು ಈ ಅಗಲಗಳಲ್ಲಿ ಬರುತ್ತವೆ. ಅಂಗಡಿಯ ಕಪಾಟಿನಲ್ಲಿ ಇಟ್ಟಿರುವುದು ಕಮ್ಮಿ, ಕೇಳಿದರೆ ತರಿಸಿಕೊಡುತ್ತಾರೆ.

ಈಗ ನನ್ನ ಬದುಕನ್ನೇ ಸುಲಭ ಮಾಡಿದ ವಿಷಯ ಹೇಳುತ್ತೇನೆ. ಗಂಡಸರ ಸಾಲಿಗೆ ಹೋಗು. ಅವರ ಮಾಮೂಲಿ ಶೂ ನಮ್ಮ ಅಗಲದ ಶೂನಷ್ಟೇ ಇರುತ್ತದೆ. ಯೂರೋಪಿನ ನಂಬರ್ ಹೆಚ್ಚು ಕಮ್ಮಿ ಇಬ್ಬರಿಗೂ ಒಂದೇ. ಗಂಡಸರದು ಸಾಮಾನ್ಯವಾಗಿ 40ರ ಹತ್ತಿರ ಶುರುವಾಗುತ್ತದೆ, ನಿನಗೆ ಅದು ಸರಿಹೋಗಬಹುದು. ಬಣ್ಣ ಬರೀ ಕಪ್ಪು, ನೀಲಿ. ಇರಲಿ, ಬೆರಳು ಮುಖ್ಯ ಅಲ್ವಾ?

ಇನ್ನೊಂದು ಪರೀಕ್ಷೆ. ಶೂ ಒಳಗಿನ ಹಾಸನ್ನು ಹೊರಗೆ ತೆಗೆದು, ನೆಲದ ಮೇಲಿಟ್ಟು, ಅದರ ಮೇಲೆ ನಿಲ್ಲು. ಪಾದದ ಅಂಚು ಹಾಸಿನಿಂದ ಹೊರಗೆ ಬಂದರೆ ಆ ಶೂ ನಿನ್ನದಲ್ಲ. ಹಾಕಿ ನೋಡುವುದೂ ಬೇಡ.

ಹುಬ್ಬಳ್ಳಿ ಎಕ್ಸ್‌ಪ್ರೆಸ್:
ಅಕ್ಕಾರ, ಮೊದಲು ಪಾದ ಅಳೆದುಕೊಳ್ಳಿ. ಸಂಜೆ ಹೊತ್ತು ಅಳೆಯಿರಿ, ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ. ಗೋಡೆಗೆ ಹಿಮ್ಮಡಿ ತಾಗಿಸಿ ಹಾಳೆ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ, ಪೆನ್ಸಿಲ್ ನೆಟ್ಟಗೆ ಹಿಡಿದು ಬೇರೆಯವರು ಗೆರೆ ಎಳೆಯಲಿ. ಎರಡೂ ಕಾಲು ಅಳೆಯಿರಿ, ದೊಡ್ಡ ಕಾಲಿನ ಲೆಕ್ಕ ಹಿಡಿಯಿರಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಬೇಕು. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ ಇದ್ದರೆ ಅಲ್ಲಿಂದ ಅಳೆಯಿರಿ.

ಊರಿನ 6 ಇಲ್ಲಿ ಕೈಕೊಡುವುದಕ್ಕೂ ಕಾರಣ ಇದೆ. ನಮ್ಮದು ಬ್ರಿಟಿಷ್ ಅಳತೆ, ಒಂದು ನಂಬರ್ ಎಂದರೆ 8.46 ಮಿಲಿಮೀಟರ್. ಇಲ್ಲಿಯದು 6.67. ಎರಡನ್ನು ತಾಳೆ ಹಾಕುವಾಗ ಒಂದೊಂದು ಕಂಪನಿ ಒಂದೊಂದು ಕಡೆ ಜಗ್ಗುತ್ತದೆ. ಶೂನ ನಾಲಿಗೆ, ಅಂದರೆ ಲೇಸಿನ ಕೆಳಗಿನ ಪಟ್ಟಿಯ ಒಳಗಿನ ಚೀಟಿಯಲ್ಲಿ ಜಪಾನಿನ ಸೆಂಟಿಮೀಟರ್ ನಂಬರ್ ಕೂಡ ಇರುತ್ತದೆ, ಅದನ್ನು ನಿಮ್ಮ ಪಾದದ ಅಳತೆಯ ಜೊತೆ ಹೋಲಿಸಿ ನೋಡಿ.

ನಿಮ್ಮ ಪಾದದಲ್ಲಿ ಏನೂ ತಪ್ಪಿಲ್ಲ ಅಕ್ಕಾರ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021-22ರಲ್ಲಿ ದೇಶದ 79 ಕಡೆ 1 ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ಯೂರೋಪಿನವರಿಗಿಂತ ನಮ್ಮ ಪಾದ ಅಗಲ ಎಂದೇ ಕಂಡಿತು.

ವಾಪಸ್ ಮಾಡುವ ಮಾತು. ಆನ್‌ಲೈನ್‌ನಲ್ಲಿ ಕೊಂಡರೆ 14 ದಿನದೊಳಗೆ ಹಿಂದಿರುಗಿಸಲು ಕಾನೂನೇ ಹಕ್ಕು ಕೊಡುತ್ತದೆ. ಅಂಗಡಿಯಲ್ಲಿ ಕೊಂಡದ್ದಕ್ಕೆ, ಮಾಲಿನಲ್ಲಿ ದೋಷ ಇಲ್ಲದಿದ್ದರೆ, ಆ ಹಕ್ಕಿಲ್ಲ. ಅವರಿಗೆ ಮನಸ್ಸಿದ್ದರೆ ಮಾತ್ರ. ದುಡ್ಡು ಕೊಡುವ ಮೊದಲೇ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ಮನೆಯಲ್ಲಿ ರತ್ನಗಂಬಳಿ ಮೇಲೆ ಮಾತ್ರ ಹಾಕಿ ನೋಡಿ, ಅಡಿ ಕೊಳೆಯಾಗಬಾರದು.

ಕಾಫಿತೋಟ:
ಉಗುರು ಕಪ್ಪಾಗಿದ್ದನ್ನು ಕೀಳಲು ಹೋಗಬೇಡಿ. ಕೆಳಗಿನಿಂದ ಹೊಸದು ಬರುತ್ತದೆ. ಹೆಬ್ಬೆರಳ ಉಗುರು ಪೂರ್ತಿ ಬೆಳೆಯಲು ಒಂದು ವರ್ಷದ ಮೇಲೇ ಬೇಕು. ಶೂ ಬಿಚ್ಚಿದ ಮೇಲೂ ಜೋಮು ಹೋಗದಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ಹಿಮ್ಮಡಿ ಜಾರುವುದಕ್ಕೆ: ಲೇಸಿನ ತೂತುಗಳ ಸಾಲಿನ ಮೇಲ್ತುದಿಯಲ್ಲಿ ಸ್ವಲ್ಪ ಹಿಂದಕ್ಕೆ ಒಂದು ಹೆಚ್ಚುವರಿ ತೂತು ಇರುತ್ತದೆ, ಗಮನಿಸಿದ್ದೀರಾ? ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿದರೆ ಸಣ್ಣ ಕುಣಿಕೆ ಆಗುತ್ತದೆ. ಎರಡೂ ಬದಿ ಹೀಗೆ ಮಾಡಿ, ಲೇಸಿನ ತುದಿಯನ್ನು ಎದುರು ಕುಣಿಕೆಯೊಳಗೆ ತೂರಿಸಿ, ಕೆಳಕ್ಕೆ ಎಳೆದು ಕಟ್ಟಿ. ಬೆರಳ ಕಡೆ ಸಡಿಲ ಬಿಡಿ.

ಭದ್ರಾ ನಾಲೆ:
ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಹಾಳೆ ಮೇಲೆ ಗೆರೆ ಎಳೆದಿದ್ದು ನನ್ನ ಮಗಳು. ಬಲಗಾಲು 24.3 ಸೆಂಟಿಮೀಟರ್, ಎಡಗಾಲು 24.7. ನಲವತ್ತು ವರ್ಷ ಇದು ಗೊತ್ತೇ ಇರಲಿಲ್ಲ. ಉಗುರು ಕಪ್ಪಾಗಿದ್ದು ಎಡಗಾಲಿನದೇ ಯಾಕೆ ಎಂದು ಅರ್ಥವಾಯಿತು.

ಆ ಹಾಳೆಯನ್ನೇ ಮಡಚಿಕೊಂಡು ಶನಿವಾರ ಸಂಜೆ ನ್ಯೂರೆಂಬರ್ಗ್‌ನ ಒಂದು ಓಟದ ಶೂ ಅಂಗಡಿಗೆ ಹೋದೆ. 'ಬ್ರೈಟ್' ಎಂದೆ. ಅಲ್ಲಿಯ ಹುಡುಗ ಹಾಳೆ ನೋಡಿ ಸೀದಾ ಗಂಡಸರ ಸಾಲಿಗೆ ಕರೆದುಕೊಂಡು ಹೋದ. ಐದು ಜೋಡಿ ತೆಗೆಸಿದೆ. ಮೂರು, ಒಳಹಾಸಿನ ಪರೀಕ್ಷೆಯಲ್ಲೇ ಬಿದ್ದವು. ಉಳಿದ ಎರಡನ್ನು ಹಾಕಿಕೊಂಡು ಟ್ರೆಡ್‌ಮಿಲ್ ಮೇಲೆ ಓಡಿದೆ. ಗಂಡಸರ 40 ತಗೊಂಡೆ, ಕಡುನೀಲಿ. ಹೋದ ವರ್ಷದ ಮಾಡೆಲ್, 95 ಯೂರೋ. ಬದಲಾಯಿಸಿ ಕೊಡುವುದಾಗಿ ಬಿಲ್ ಮೇಲೆ ಬರೆಸಿಕೊಂಡೆ.

ಇವತ್ತು 7 ಕಿಲೋಮೀಟರ್ ಓಡಿದೆ. ಕಿರುಬೆರಳು ಇದೆ ಎಂಬ ನೆನಪೇ ಬರಲಿಲ್ಲ. ಕುಣಿಕೆ ಕಟ್ಟಿದ ಮೇಲೆ ಹಿಮ್ಮಡಿಯೂ ಅಲ್ಲಾಡುತ್ತಿಲ್ಲ. ಮೈಸೂರಮ್ಮ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಇನ್ನೊಂದು ಕೇಳಲೇ? ನವೆಂಬರ್ ಚಳಿಗೆ ದಪ್ಪ ಕಾಲುಚೀಲ ಹಾಕಿದರೆ ಈ ಜೋಡಿಯೇ ಸಾಕಾಗುತ್ತದಾ, ಅಥವಾ ಅದಕ್ಕೆ ಬೇರೆ ಇಟ್ಟುಕೊಳ್ಳಬೇಕಾ?