ಅರ್ಜಿಯೇ ಹಾಕದವರನ್ನು ‘ಅಭ್ಯರ್ಥಿ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಇಂಗ್ಲಿಷಿನಲ್ಲಿ ‘ಕ್ಯಾಂಡಿಡೇಟ್’ ಎಂದಿರುವ ಕಡೆಯಲ್ಲೆಲ್ಲ ನಾವು ಹಿಂದೆಮುಂದೆ ನೋಡದೆ ‘ಅಭ್ಯರ್ಥಿ’ ಎಂದು ಬರೆಯುತ್ತೇವೆ. ಆದರೆ ಆ ಮನುಷ್ಯ ಆ ಕೆಲಸ ಕೇಳಿಯೇ ಇಲ್ಲದಿದ್ದರೆ? ನನಗೆ ಬೇಡ ಎಂದು ಹತ್ತು ಜನರ ಎದುರು ಹೇಳಿದ ಮೇಲೂ ಊರೆಲ್ಲ ಅವನ ಹೆಸರನ್ನೇ ಹಿಡಿದು ಕೂತಿದ್ದರೆ? ಅಂಥವನಿಗೆ ಕನ್ನಡದಲ್ಲಿ ಏನನ್ನುತ್ತೇವೆ?

ಪ್ರಶ್ನೆ ಹುಟ್ಟಿದ ಸಂದರ್ಭವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾನಿರುವುದು ಅಮೆರಿಕದ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಇಲ್ಲಿಂದ ಒಂದು ಗಂಟೆ ದಾರಿ ಟಸ್ಕಲೂಸ, ಅಲಬಾಮ ವಿಶ್ವವಿದ್ಯಾಲಯದ ಊರು. ಇಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಆಡುವವರು ಕಾಲೇಜು ಹುಡುಗರು, ನೋಡಲು ಬರುವವರು ಲಕ್ಷ ಜನ. 2024ರ ಜನವರಿ 10ರ ಬುಧವಾರ, 2007ರಿಂದ ಈ ತಂಡದ ಮುಖ್ಯ ಕೋಚ್ ಆಗಿದ್ದ ನಿಕ್ ಸೇಬನ್ ನಿವೃತ್ತಿ ಹೇಳಿದರು. ಇಲ್ಲಿ ಅವರು ಗೆದ್ದ ರಾಷ್ಟ್ರೀಯ ಪ್ರಶಸ್ತಿಗಳು ಆರು. ಅದಕ್ಕೂ ಮುಂಚೆ ಲೂಯಿಸಿಯಾನದಲ್ಲಿ ಗೆದ್ದದ್ದು ಇನ್ನೊಂದು. ಅವರ ಜಾಗಕ್ಕೆ ಯಾರು ಎಂಬ ಮಾತು ಆ ಸಂಜೆಯಿಂದಲೇ ಶುರುವಾಯಿತು. ಆಫೀಸಿನಲ್ಲಿ ಅದೇ, ಅಂಗಡಿಯ ಕ್ಯೂನಲ್ಲಿ ಅದೇ, ಮಕ್ಕಳನ್ನು ಶಾಲೆಗೆ ಬಿಡುವ ಕಡೆಯೂ ಅದೇ.

ಆಗ ನಮ್ಮ ಮಾವ ತಿಪಟೂರಿನಿಂದ ಬಂದಿದ್ದರು. ಹೈಸ್ಕೂಲ್ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿ ಕೂತವರು. ಗುರುವಾರ ಬೆಳಗ್ಗೆ ಮಂಗನ ಟೋಪಿ ಹಾಕಿ ಶಾಲು ಹೊದ್ದು ನನ್ನ ಜೊತೆ ಕಸದ ಡಬ್ಬ ಇಡಲು ಹೊರಗೆ ಬಂದರು. ಪಕ್ಕದ ಮನೆಯ ಹಿರಿಯರು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದರು. ಲೋಟವನ್ನು ಕಾಂಪೌಂಡ್ ಮೇಲಿಟ್ಟು ಒಂದೊಂದೇ ಬೆರಳು ಮಡಚುತ್ತ ಬೇರೆ ವಿಶ್ವವಿದ್ಯಾಲಯಗಳ ಕೋಚ್‌ಗಳ ಹೆಸರು ಹೇಳಿದರು. ಆರೆಗನ್‌ನ ಡ್ಯಾನ್ ಲ್ಯಾನಿಂಗ್. ಟೆಕ್ಸಸ್‌ನ ಸ್ಟೀವ್ ಸಾರ್ಕೀಸಿಯನ್. ಫ್ಲಾರಿಡ ಸ್ಟೇಟ್‌ನ ಮೈಕ್ ನಾರ್ವೆಲ್. ಕ್ಲೆಮ್ಸನ್‌ನ ಡ್ಯಾಬೊ ಸ್ವಿನಿ. ಕೊನೆಯವರ ಹೆಸರಿಗೆ ಬಂದಾಗ ಅವರ ದನಿಯೇ ಬದಲಾಯಿತು. ಸ್ವಿನಿ ಇದೇ ಅಲಬಾಮಕ್ಕೆ ಆಡಿದವರು, 1992ರಲ್ಲಿ ಪ್ರಶಸ್ತಿ ಗೆದ್ದ ತಂಡದಲ್ಲಿದ್ದವರು. ‘ಮನೆ ಮಗ’ ಎನ್ನುವ ಭಾವ ಅದು.

ನಾನು ಮಾವನಿಗೆ, “ಇವರೆಲ್ಲ ಆ ಹುದ್ದೆಗೆ ಅಭ್ಯರ್ಥಿಗಳು ಮಾವ” ಎಂದೆ.

“ಅರ್ಜಿ ಹಾಕಿದಾರೇನಮ್ಮ?”

“ಇಲ್ಲ, ಎಲ್ಲರೂ ಬೇರೆ ಬೇರೆ ಕಡೆ ಕೆಲಸದಲ್ಲಿದಾರೆ.”

“ಕರೆದ್ರೆ ಬರ್ತೀವಿ ಅಂತಾದ್ರೂ ಹೇಳಿದಾರಾ?”

“ಅದೂ ಇಲ್ಲ.”

“ಮತ್ತೆ ಅಭ್ಯರ್ಥಿ ಹೆಂಗಾಗ್ತಾರೆ? ನಾಮಪತ್ರ ಇಲ್ಲದೆ ಅಭ್ಯರ್ಥಿ ಇಲ್ಲ.”

ನನ್ನ ಬಳಿ ಉತ್ತರವಿರಲಿಲ್ಲ. ಈಗ ನಮ್ಮ ಊರಿನ ಕನ್ನಡಿಗರ ಸಣ್ಣ ಪತ್ರಿಕೆಗೆ ಆ ಮೂರು ದಿನಗಳ ಬಗ್ಗೆ ಲೇಖನ ಬರೆಯಲು ಕೂತರೆ ಅದೇ ಪದ ಮತ್ತೆ ಎದುರಿಗೆ ನಿಂತಿದೆ.

ಮಾವ ಹೇಳಿದ್ದು ಚುನಾವಣೆಯ ಅನುಭವದಿಂದ, ಆದರೆ ಪದದ ಹುಟ್ಟು ಕೂಡ ಅವರ ಕಡೆಗೇ ಇದೆ. ಅಭ್ಯರ್ಥನೆ ಎಂದರೆ ಬೇಡಿಕೆ, ಅಭ್ಯರ್ಥಿ ಎಂದರೆ ಬೇಡುವವನು. ವಿದ್ಯಾರ್ಥಿ, ಶರಣಾರ್ಥಿ ಎನ್ನುವಾಗ ಕೇಳಿಸುವ ‘ಅರ್ಥಿ’ಯೇ ಇಲ್ಲಿಯೂ ಇರುವುದು. ಉಮೇದುವಾರ ಪಾರಸಿಯಿಂದ ಬಂದದ್ದು, ಆಸೆ ಇಟ್ಟುಕೊಂಡವನು. ಆಕಾಂಕ್ಷಿಯೂ ಅಷ್ಟೇ, ಟಿಕೆಟ್ ಆಕಾಂಕ್ಷಿಗಳು ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದಾರೆ ಎಂದು ಓದಿದಾಗ ನಮಗೆ ಕಾಣುವುದು ಕಾಯುತ್ತ ನಿಂತ ಮುಖಗಳು. ಪತ್ರಿಕೆಗಳು ಚುನಾವಣೆಯ ಹೊತ್ತಿಗೆ ಎತ್ತಿಕೊಳ್ಳುವ ‘ಹುರಿಯಾಳು’ ನನಗೆ ಬಹಳ ಇಷ್ಟದ ಪದ, ಆದರೆ ಅದು ಕಣಕ್ಕೆ ಇಳಿದ ಕಟ್ಟಾಳಿಗೆ ಒಪ್ಪುತ್ತದೆ. ಇವರು ಕಣದ ಹತ್ತಿರವೂ ಸುಳಿದಿಲ್ಲ. ಅಂದರೆ ನಮ್ಮ ಬಳಿ ಇರುವ ಪದಗಳಲ್ಲೆಲ್ಲ ಬಯಕೆ ಆ ಮನುಷ್ಯನದು. ಇಲ್ಲಿ ಬಯಕೆ ಇರುವುದು ಅಭಿಮಾನಿಗಳದು.

ಇಂಗ್ಲಿಷ್ ಪದವೂ ಮೂಲದಲ್ಲಿ ಬೇಡುವವನದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು. ರೋಮ್‌ನಲ್ಲಿ ಅಧಿಕಾರ ಬಯಸಿ ಮತ ಕೇಳಲು ಹೊರಟವರು ಸೀಮೆಸುಣ್ಣದ ಪುಡಿಯಿಂದ ಬೆಳ್ಳಗಾಗಿಸಿದ ಬಟ್ಟೆ ಉಡುತ್ತಿದ್ದರು, ಬಿಳಿ ಎನ್ನುವ ಲ್ಯಾಟಿನ್ ಪದದಿಂದಲೇ ಆ ಹೆಸರು ಬಂತು. ಇಂಗ್ಲಿಷಿನವರು ಆ ಬಿಳಿಬಟ್ಟೆಯನ್ನು ಮರೆತಿದ್ದಾರೆ, ಆದ್ದರಿಂದ ಅವರಿಗೆ ಪದ ಹಿಗ್ಗುತ್ತದೆ. ಅಭ್ಯರ್ಥಿಯೂ ಮುಂದೆ ಹಾಗೆ ಹಿಗ್ಗೀತು. ಆದರೆ ನಮ್ಮ ಕಿವಿಯಲ್ಲಿ ‘ಅರ್ಥಿ’ ಇನ್ನೂ ಜೀವಂತವಾಗಿದೆ. ಎಪ್ಪತ್ತು ದಾಟಿದ ಓದುಗರೊಬ್ಬರು ಆ ಪದದ ಮೇಲೆ ಎಡವಿದ್ದನ್ನು ಕಣ್ಣಾರೆ ಕಂಡ ಮೇಲೆ ಅದನ್ನೇ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ.

ಕ್ರೀಡಾಪುಟದಲ್ಲಿ ‘ಸಂಭಾವ್ಯರು’ ಇದೆ. ರಣಜಿ ಋತುವಿಗೆ ಮುಂಚೆ ಸಂಭಾವ್ಯರ ಪಟ್ಟಿ ಬರುತ್ತದಲ್ಲ, ಅದು. ಇದುವರೆಗೆ ಸಿಕ್ಕಿದ್ದರಲ್ಲಿ ಹೆಚ್ಚು ಹತ್ತಿರ ಇದೇ. ಒಂದೇ ಅಡ್ಡಿ: ಆ ಪಟ್ಟಿಯನ್ನು ಮಾಡುವವರು ಆಯ್ಕೆದಾರರು. ನಮ್ಮ ಪಕ್ಕದ ಮನೆಯವರು ಬೆರಳು ಮಡಚಿ ಮಾಡಿದ ಪಟ್ಟಿಗೆ ಅಂಥ ಅಧಿಕಾರವಿಲ್ಲ, ಸಂಭವವೂ ಅದರಲ್ಲಿ ಕಡಿಮೆ. ಲ್ಯಾನಿಂಗ್ ಆ ಗುರುವಾರವೇ ವಿಡಿಯೊ ಹಾಕಿ ತಾವು ಆರೆಗನ್ ಬಿಡುವುದಿಲ್ಲ ಎಂದರು. ನಾರ್ವೆಲ್ ಅವರ ಕರಾರನ್ನು ಅವರ ವಿಶ್ವವಿದ್ಯಾಲಯ ಮುಂದುವರಿಸಿತು. ಸಾರ್ಕೀಸಿಯನ್ ಟೆಕ್ಸಸ್‌ನಲ್ಲೇ ಉಳಿದರು.

ಹಾಗೆಂದು ‘ಬೇಡ’ ಎಂದವರನ್ನು ಪಟ್ಟಿಯಿಂದ ತೆಗೆಯುವ ರೂಢಿಯೂ ಇಲ್ಲಿಲ್ಲ, ಅದಕ್ಕೆ ಕಾರಣ ಸೇಬನ್ ಅವರೇ. 2006ರ ಡಿಸೆಂಬರಿನಲ್ಲಿ ಅವರು ಮಯಾಮಿಯ ವೃತ್ತಿಪರ ತಂಡದ ಕೋಚ್. 21ರಂದು ಪತ್ರಕರ್ತರೆದುರು, ತಾನು ಅಲಬಾಮದ ಕೋಚ್ ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. 2007ರ ಜನವರಿ 3ರಂದು ಟಸ್ಕಲೂಸದ ವಿಮಾನ ನಿಲ್ದಾಣದಲ್ಲಿ ಇಳಿದರು, ಬೇಲಿಯಾಚೆ ಜನಜಾತ್ರೆ ಕಾದಿತ್ತು. ಆ ಹದಿಮೂರು ದಿನ ಅವರನ್ನು ಏನೆಂದು ಕರೆಯಬೇಕಿತ್ತು? ಅಭ್ಯರ್ಥಿ ಅಲ್ಲ, ಆಕಾಂಕ್ಷಿ ಅಲ್ಲ. ಆದರೂ ಎಲ್ಲರ ಬಾಯಲ್ಲಿ ಅವರದೇ ಹೆಸರು.

ಇನ್ನೂ ಹಿಂದಿನದು ಬೇರ್ ಬ್ರಯಂಟ್ ಅವರದು. 1958ರಿಂದ 1982ರವರೆಗೆ ಇಲ್ಲಿ ಕೋಚ್ ಆಗಿದ್ದವರು, ಸ್ವತಃ ಇದೇ ಕಾಲೇಜಿನ ಆಟಗಾರ. ಟೆಕ್ಸಸ್ ಎ ಅಂಡ್ ಎಮ್ ಕಾಲೇಜಿನ ಕೆಲಸ ಬಿಟ್ಟು ಯಾಕೆ ಹೊರಟಿರಿ ಎಂದದ್ದಕ್ಕೆ, ಅಮ್ಮ ಕರೆದಳು, ಅಮ್ಮ ಕರೆದರೆ ಓಡಿ ಹೋಗಲೇಬೇಕು ಎಂಬ ಅರ್ಥದ ಮಾತು ಹೇಳಿದರು. ಇಂದಿಗೂ ಇಲ್ಲಿನ ಹಳಬರು ಅದನ್ನು ನೆನೆಯುತ್ತಾರೆ. ಸ್ವಿನಿಯ ಹೆಸರು ಬಂದಾಗ ನಮ್ಮ ನೆರೆಯವರ ಗಂಟಲು ಕಟ್ಟಿದ್ದು ಈ ಮಾತಿನ ನೆನಪಿಗೇ. ಇದಕ್ಕೆ ನಮ್ಮ ‘ಬುಲಾವ್’ ಒಪ್ಪುತ್ತದೆಯೇ ಎಂದು ಯೋಚಿಸಿದೆ. ಹೈಕಮಾಂಡ್ ಬುಲಾವ್ ಎಂದು ಓದಿ ಓದಿ ಆ ಪದದಲ್ಲಿ ಈಗ ಅಧಿಕಾರದ ಬಿಗಿ ಸೇರಿಬಿಟ್ಟಿದೆ. ತಾಯಿಯ ಕರೆ ಅದಲ್ಲ. ‘ಕರೆ ಬಂತು’ ಎಂಬುದೇ ಸಾಕು.

ಈಗ ನನ್ನ ಸ್ವಂತ ಒಲವು ಹೇಳುತ್ತೇನೆ. ಇಂಥ ಹುಡುಕಾಟಕ್ಕೆ ಬೇಕಾದ ಮಾತೆಲ್ಲ ನಮ್ಮಲ್ಲಿ ಮದುವೆ ಮನೆಯಲ್ಲಿದೆ. ಗಂಡು ಹುಡುಕುವಾಗ ಆ ಹುಡುಗ ಅರ್ಜಿ ಹಾಕಿರುವುದಿಲ್ಲ. ಎಷ್ಟೋ ಸಲ ತನ್ನ ಹೆಸರು ಯಾರದೋ ಪಡಸಾಲೆಯಲ್ಲಿ ಓಡಾಡುತ್ತಿದೆ ಎನ್ನುವುದು ಅವನಿಗೆ ಗೊತ್ತೂ ಇರುವುದಿಲ್ಲ. ‘ನೋಡಿದ ಗಂಡು’ ಎನ್ನುತ್ತೇವೆ. ಗಮನಿಸಿ, ವ್ಯಾಕರಣದ ಪ್ರಕಾರ ನೋಡಿದವನು ಅವನೂ ಆಗಬಹುದು, ನಾವೂ ಆಗಬಹುದು. ಆದರೆ ಮನೆಯಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ, ನೋಡಿದ್ದು ನಾವು. ‘ಊಟಕ್ಕೆ ಕರೆದವರೆಲ್ಲ ಬಂದರು’ ಎಂಬಲ್ಲಿಯೂ ಹಾಗೇ. ‘-ಲ್ಪಟ್ಟ’ ಹಚ್ಚದೆಯೇ ಕನ್ನಡ ಈ ಕೆಲಸ ಮಾಡುತ್ತದೆ. ಆದ್ದರಿಂದ ‘ಕಣ್ಣಿಟ್ಟವರು’, ‘ಎಣಿಸಿಕೊಂಡವರು’ ಎಂಬ ರೂಪಗಳನ್ನು ಬರೆದು ನೋಡಿದೆ. ಮೊದಲನೆಯದು ಕೈಕೊಟ್ಟಿತು: ‘ಹುದ್ದೆಗೆ ಕಣ್ಣಿಟ್ಟವರು’ ಎಂದಕೂಡಲೇ ಅರ್ಥ ತಿರುಗಿ ಆಕಾಂಕ್ಷಿಗೇ ಹೋಗುತ್ತದೆ. ‘ಎಣಿಸಿಕೊಂಡವರು’ ಪರವಾಗಿಲ್ಲ ಅನ್ನಿಸುತ್ತದೆ, ಆದರೆ ಕರಾವಳಿಯ ಕಡೆ ಎಣಿಸುವುದು ಎಂದರೆ ಭಾವಿಸುವುದೂ ಹೌದು, ಅಲ್ಲಿಯವರಿಗೆ ಹೇಗೆ ಕೇಳಿಸುತ್ತದೋ ಅವರೇ ಹೇಳಬೇಕು.

ಮದುವೆಯ ಮಾತಿನಿಂದ ಇನ್ನೊಂದು ಪದ ಗಟ್ಟಿಯಾಗಿ ಸಿಕ್ಕಿದೆ. ಶುಕ್ರವಾರ, ಜನವರಿ 12ರಂದು, ಕೇಲನ್ ಡಿಬೋರ್ ಬರುವುದು ಖಚಿತವಾಯಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೋಚ್, ಅಲ್ಲಿ ಎರಡು ವರ್ಷದಲ್ಲಿ 25 ಗೆಲುವು, 3 ಸೋಲು. ಆ ಮೂರರಲ್ಲಿ ಒಂದು, ನಾಲ್ಕೇ ದಿನ ಮುಂಚೆ ಮಿಷಿಗನ್ ಎದುರು ರಾಷ್ಟ್ರೀಯ ಫೈನಲ್‌ನಲ್ಲಿ ಆದದ್ದು. ಹುಟ್ಟಿದ್ದು ದೂರದ ಸೌತ್ ಡಕೋಟ. ‘ನಮ್ಮ ದಕ್ಷಿಣದವರಲ್ಲವಲ್ಲ’ ಎಂದು ಇಲ್ಲಿ ಹಲವರು ಮುಖ ಸಣ್ಣ ಮಾಡಿದರು. ನಾನು ಕೆಲಸ ಮುಗಿಸಿ ಬಾಗಿಲು ತೆಗೆಯುತ್ತಿದ್ದಂತೆ ಮಾವ ಸೋಫಾದಿಂದಲೇ, “ಗೊತ್ತಾಯ್ತೇನಮ್ಮ?” ಎಂದರು. ಸುದ್ದಿ ತಿಳಿಯಿತೇ ಎಂದಲ್ಲ. ಗಂಡು ಗೊತ್ತಾಯಿತು, ಛತ್ರ ಗೊತ್ತು ಮಾಡಿದೆವು, ಅಡುಗೆಯವರನ್ನು ಗೊತ್ತು ಮಾಡಿದೆವು ಎನ್ನುತ್ತೇವಲ್ಲ, ಆ ಗೊತ್ತು. ‘ನೇಮಕ’ ಆದೇಶದ ಪದ, ಕಾಗದ ಬಂದ ಮೇಲಿನದು. ಮಾತು ಮುಗಿದು ಕಾಗದ ಬರುವ ನಡುವಿನ ಗಳಿಗೆಗೆ ‘ಗೊತ್ತು ಮಾಡು’ವಿನಷ್ಟು ಸರಿಯಾದದ್ದು ಇನ್ನೊಂದಿಲ್ಲ. ಅದನ್ನು ಲೇಖನದಲ್ಲಿ ಹಾಗೇ ಇಟ್ಟುಕೊಳ್ಳುತ್ತೇನೆ.

ಹಾಗೆಯೇ ‘ಬೈಔಟ್’. ಕರಾರಿನಲ್ಲಿರುವ ಕೋಚ್ ನಡುವೆ ಹೊರಟರೆ ಹಳೆಯ ಕಾಲೇಜಿಗೆ ಕಟ್ಟಬೇಕಾದ ಹಣ. ಸ್ವಿನಿಯ ಕರಾರಿನಲ್ಲಂತೂ ಅಲಬಾಮಕ್ಕೆ ಹೋದರೆ ಬೇರೆ ಕಡೆಗೆ ಹೋಗುವುದಕ್ಕಿಂತ ಹೆಚ್ಚು ಕಟ್ಟಬೇಕೆಂದು ಬರೆದಿತ್ತು. ‘ಪರಿಹಾರಧನ’ ಎಂದು ಬರೆದಿದ್ದೆ, ಅಪಘಾತದ ಸುದ್ದಿಯ ಹಾಗಿತ್ತು, ಹೊಡೆದುಹಾಕಿದೆ. ಗಿರವಿ ಇಟ್ಟ ಒಡವೆಯನ್ನು ದುಡ್ಡು ಕಟ್ಟಿ ‘ಬಿಡಿಸಿಕೊಂಡು’ ಬರುತ್ತೇವೆ. ಕರಾರಿನಲ್ಲಿ ಸಿಕ್ಕಿಕೊಂಡ ಕೋಚನ್ನೂ ಹಾಗೇ ಬಿಡಿಸಿಕೊಂಡು ಬರುತ್ತಾರೆ, ಬಹಳ ಸಲ ಹಣ ತುಂಬುವುದೂ ಕರೆಸಿಕೊಳ್ಳುವ ಕಾಲೇಜೇ. ‘ಬಿಡಿಸಿಕೊಳ್ಳುವ ಹಣ’ ಎಂದು ಬರೆದರೆ ಓದುಗರಿಗೆ ವಿವರಣೆ ಬೇಕಾಗದು ಎಂದು ನನ್ನ ನಂಬಿಕೆ.

ಕೋಚ್ ಪದವನ್ನು ಕೋಚ್ ಎಂದೇ ಬಿಡುತ್ತೇನೆ. ತರಬೇತುದಾರ ಎಂದರೆ ಕಲಿಸುವವನು ಮಾತ್ರ. ಇಲ್ಲಿನ ಮುಖ್ಯ ಕೋಚ್ ಊರೂರು ತಿರುಗಿ ಹುಡುಗರ ಮನೆಗೆ ಹೋಗಿ ತಂದೆತಾಯಿಯರನ್ನು ಒಪ್ಪಿಸಿ ಕರೆತರಬೇಕು, ಹತ್ತಾರು ಸಹಾಯಕರನ್ನು ಆಳಬೇಕು. ಗರಡಿಮನೆಯ ಉಸ್ತಾದ್ ನೆನಪಾಯಿತು, ಆದರೆ ಅದು ಆ ಮಣ್ಣಿನಲ್ಲೇ ಚೆಂದ. ಅಂದಹಾಗೆ ಕೋಚ್ ಹಂಗೇರಿಯ ಕೋಚ್ ಎಂಬ ಹಳ್ಳಿಯ ಗಾಡಿಯಿಂದ ಬಂದ ಹೆಸರು. ಆಕ್ಸ್‌ಫರ್ಡ್ ಹುಡುಗರು ತಮ್ಮನ್ನು ಪರೀಕ್ಷೆ ದಾಟಿಸುವ ಮೇಷ್ಟರಿಗೆ ಅದನ್ನು ಹಚ್ಚಿದರು, ಅಲ್ಲಿಂದ ಆಟಕ್ಕೆ ಬಂತು. ಗಾಡಿಯ ಜಾಡು ಹಿಡಿದರೆ ಸಾರಥಿಗೆ ಮುಟ್ಟುತ್ತೇವೆ. ಸಾರಥ್ಯವನ್ನು ನಮ್ಮ ಕ್ರಿಕೆಟ್ ವರದಿಗಾರರು ಆಗಲೇ ನಾಯಕನಿಗೆ ಕೊಟ್ಟುಬಿಟ್ಟಿದ್ದಾರೆ.

ಹಾಗಾಗಿ ಉಳಿದದ್ದು ಮೊದಲಿನ ಒಂದೇ ಪದ. ಮಠಕ್ಕೆ ಉತ್ತರಾಧಿಕಾರಿಯನ್ನು, ಊರ ದೇವಸ್ಥಾನಕ್ಕೆ ಹೊಸ ಧರ್ಮದರ್ಶಿಯನ್ನು, ಮೇಳಕ್ಕೆ ಭಾಗವತರನ್ನು ಹುಡುಕುವಾಗ, ಆ ವ್ಯಕ್ತಿಗೆ ತಿಳಿಸುವ ಮೊದಲು ಅವರ ಹೆಸರಿನ ಮೇಲೆ ಮಾತು ನಡೆಯುತ್ತದಲ್ಲ, ಆಗ ನಿಮ್ಮ ಕಡೆ ಅವರನ್ನು ಏನೆಂದು ಸೂಚಿಸುತ್ತಾರೆ? ಧಾರವಾಡ, ಕಲಬುರಗಿ, ಕುಂದಾಪುರ, ಕೊಡಗು, ಎಲ್ಲಿಯದಾದರೂ ಸರಿ. ಪುಸ್ತಕದ ಪದಕ್ಕಿಂತ ಹಿರಿಯರ ಬಾಯಲ್ಲಿ ಕೇಳಿದ ವಾಕ್ಯವೇ ನನಗೆ ಬೇಕು, ಸಾಧ್ಯವಾದರೆ ಯಾವ ಸಂದರ್ಭದಲ್ಲಿ ಹೇಳಿದ್ದು ಎಂಬುದೂ.

ಲೇಖನದ ವಾಕ್ಯ ಸದ್ಯ ಹೀಗಿದೆ, ಖಾಲಿ ಜಾಗ ತುಂಬಿಕೊಡಿ:

“ಸೇಬನ್ ಅವರ ಜಾಗಕ್ಕೆ ಅಭಿಮಾನಿಗಳ ____ ನಾಲ್ವರಿದ್ದರು, ನಾಲ್ವರೂ ತಾವಿದ್ದ ಕಡೆಯೇ ಉಳಿದರು.”